ಟವೆಲಿನ ಕೆಳಗೆ

‘ಒಂದ ಮಾತು ಹೇಳ್ರಿ. ಬಾ ಅನ್ರಿ, ಇಲ್ಲಾ ಬ್ಯಾಡ ಅನ್ರಿ,’ ಎಂದಳು ಫೋನಿನ ಆ ಕಡೆಯಿಂದ ಅರುಣಾ.

‘ನಿನಗ ಹೆಂಗ ಅನಸ್ತೈತಿ?’ ಎಂದ ಸಿದ್ದಲಿಂಗೇಶ.

‘ನಂದು ಕೇಳಬ್ಯಾಡ್ರಿ. ನಾಳೆ ಮುಂಜಾನೆ ಸಾಲಿಯವರಿಗೆ ನಾ ಉತ್ತರಾ ಕೊಡಬೇಕು.’

‘ನೋಡೋಣು. ಸಂಜಿಗೆ ಬರ್ತೇನಿ.’

ಫೋನಿಟ್ಟ. ನೋಡೋಣ ಅನ್ನುವುದು ಎಂಥ ಒಳ್ಳೆಯ ಮಾತು! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ದೀಪಾವಳಿಗೆಂದು ಬ್ಯಾಡಗಿಯ ತವರಿಗೆ ಹೋದ ಹೆಂಡತಿ ಅಲ್ಲೇ ಉಳಿದಿದ್ದಳು. ಹೊರಡುವಾಗ ‘ಯಾವಾಗ ಬರಲಿ?’ ಎಂದು ಕೇಳಿದ್ದಳು. ‘ನಿನ್ನಿಷ್ಟ’ ಎಂದಿದ್ದ. ಅದನ್ನು ತನ್ನ ದೊಡ್ಡತನವೆಂದೇ ತಿಳಿದಿದ್ದ. ಈಗ ಅಲ್ಲಿಯ ಶಾಲೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಸೇರಿದರೆ ಹಾವೇರಿಯ ಈ ಮನೆಗೆ ಅವಳು ಮರಳುವ ಮಾತಿಲ್ಲ.

ಅವಳು ಬರಲೆಂದು ತನಗೆ ಆಸೆಯಿದೆಯೆ? ಇದೆ ಅನ್ನಿಸಿತು. ಬಂದರೆ ಮತ್ತೆ ದಿನವೂ ಏನಾದರೊಂದು ಹೇಳಬೇಕಾಗುತ್ತದೆ ಎಂದೂ ಅನ್ನಿಸಿತು.

ಎಲ್ಲರನ್ನೂ ಒಪ್ಪಿಸುವುದೇ ಅವನ ನೌಕರಿ. ದನದ ಸಂತೆಯನ್ನು ಊರ ಹೊರಗಿನ ಹೊಸ ಜಾಗಕ್ಕೆ ಸಾಗಿಸುವ ಯೋಜನೆಯದು. ಗುತ್ತಿಗೆ ಹಿಡಿದ ಕಂಪನಿ ಅವನಿಗೆ ಸಮನ್ವಯ ಅಧಿಕಾರಿ ಎಂದು ಹೆಸರು ಕೊಟ್ಟಿತ್ತು. ಎಂ.ಎ.ಯಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಬಂದದ್ದು ಹೆಣ್ಣು ಕೊಟ್ಟ ಮಾವ ನಾಗಪ್ಪನ ಕಸುಬು.

ನಾಗಪ್ಪ ದನದ ದಲ್ಲಾಲಿ. ಮಾರುವವನ ಕೈಯನ್ನು ಟವೆಲಿನ ಕೆಳಗೆ ಹಿಡಿದು, ಬೆರಳು ಅದುಮಿ ದರ ಹೇಳುವವನು. ಮೇಲೆ ಎತ್ತಿನ ಹಲ್ಲಿನ ಮಾತು, ಮಳೆಯ ಮಾತು, ಕೆಳಗೆ ವ್ಯಾಪಾರ. ಸುತ್ತ ನಿಂತವರಿಗೆ ಏನೇನೂ ತಿಳಿಯದು. ಸಿದ್ದಲಿಂಗೇಶನಿಗೆ ಅದು ಬಹಳ ಹಿಡಿಸಿತು. ಅವನೂ ಸಂತೆಯವರನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದ. ಅವರ ಮನೆಯಲ್ಲಿ ಕೂತು ಚಹಾ ಕುಡಿದ. ಅವರಿಗೆ ಬೇಕಾದದ್ದನ್ನೇ ಅವರಿಗೆ ಹೇಳಿದ.

ಇಂದು ಎಲ್ಲರೂ ಒಟ್ಟಿಗೆ ಕೂರುವ ದಿನ. ಸಂತೆಯ ಬೇವಿನ ಮರದಡಿ ಕುರ್ಚಿ ಹಾಕಿದ್ದರು. ಕಂಪನಿಯ ಸಾಹೇಬ ವೀರೇಂದ್ರ ಹೊಸ ಸಂತೆಯ ನಕ್ಷೆ ಬಿಡಿಸಿ ತೋರಿಸಿದ.

‘ಬಾಗಲಾ ದಾಟಿದ ಕೂಡಲೆ ಎಡಕ್ಕ ನನ್ನ ಅಂಗಡಿ ಬರ್ತೈತಲ್ರಿ ಸಾಹೇಬ್ರ?’ ಎಂದ ಹಗ್ಗ, ಗೆಜ್ಜೆ ಮಾರುವ ಅಲ್ಲಾಬಕ್ಷ.

ನಾಗಪ್ಪ ತಿರುಗಿ ನೋಡಿದ. ‘ಎಡಕ್ಕ ನಮ್ಮ ದಲ್ಲಾಲಿಗಳ ಕಟ್ಟಿ ಅಲ್ಲೇನು?’

‘ಹಂಗಂತ ಯಾರು ಹೇಳ್ಯಾರ?’

‘ನಿನಗ ಯಾರು ಹೇಳ್ಯಾರ?’

ಇಬ್ಬರೂ ಸಿದ್ದಲಿಂಗೇಶನ ಕಡೆ ನೋಡಿದರು. ಈಗ ಬೈಯುತ್ತಾರೆ ಎಂದು ಕಾದ. ಬೈಯಲಿ ಎಂದು ಆಸೆಪಟ್ಟ ಕೂಡ. ಯಾರೂ ಬೈಯಲಿಲ್ಲ. ಅಲ್ಲಾಬಕ್ಷ ಗೆಜ್ಜೆಸರಗಳನ್ನು ಚೀಲಕ್ಕೆ ತುರುಕಿಕೊಂಡು ಎದ್ದ.

‘ನಿನಗ ಜಾಗಾ ಇಲ್ಲ ಅಂದಿದ್ರ ಮುಗೀತಿತ್ರಿ. ನಮ್ಮನ್ಯಾಗ ಕುಂತು ಚಾ ಕುಡದು ಹೋದ್ರಿ,’ ಎಂದ.

ನಾಗಪ್ಪ ಅಳಿಯನ ಮೋರೆ ನೋಡದೆ ಹೇಳಿದ: ‘ಟಾವೆಲ್ ಮುಚ್ಚೂದು ಮಂದಿ ಕಣ್ಣಿಗೆ, ಅಳಿಯಂದ್ರ. ಒಳಗ ಹಿಡದ ಬೆರಳು ಸುಳ್ಳು ಹೇಳಬಾರದು.’

ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಹೋದರು. ‘ಯಾರೂ ತಕರಾರು ತೆಗೀಲಿಲ್ಲ ನೋಡ್ರಿ. ಛಲೋ ನಿಭಾಯಿಸಿದ್ರಿ,’ ಎಂದ ವೀರೇಂದ್ರ ಜೀಪು ಹತ್ತುತ್ತ. ಸಿದ್ದಲಿಂಗೇಶನಿಗೆ ಖುಷಿಯಾಯಿತು. ಆ ಖುಷಿಯ ಬಗ್ಗೆ ಹೇಸಿಗೆಯೂ ಆಯಿತು.

ಮೋಟೆಬೆನ್ನೂರು ದಾಟಿ ಬಸ್ಸು ಬ್ಯಾಡಗಿ ಸೇರುವಾಗ ಮೆಣಸಿನಕಾಯಿಯ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು. ಎಲ್ಲರೂ ಕೆಮ್ಮಿದರು. ಅವನೂ ಕೆಮ್ಮಿದ. ಇವತ್ತು ಮನಸ್ಸಿನಲ್ಲಿ ಇನ್ನೊಂದಿಟ್ಟುಕೊಳ್ಳದೆ ತಾನು ಮಾಡಿದ್ದು ಇದೊಂದೇ ಅನ್ನಿಸಿತು.

ನಾಗಪ್ಪ ಅವನಿಗಿಂತ ಮೊದಲೇ ಮನೆ ಮುಟ್ಟಿದ್ದ. ‘ಬರ್ರಿ, ಕುಂದ್ರಿ’ ಎಂದವನು ಹೆಗಲ ಟವೆಲನ್ನು ಗೂಟಕ್ಕೆ ಹಾಕಿ ಹಿತ್ತಲಿಗೆ ನಡೆದ. ಅರುಣಾ ನೀರು ಕೊಟ್ಟು ಎದುರು ಕೂತಳು.

‘ಹೇಳ್ರಿ.’

‘ಸಾಲಿ ದೂರ ಐತೇನು?’

‘ಹತ್ರನ ಐತಿ. ಹೇಳ್ರಿ.’

‘ನಿಮ್ಮಪ್ಪಾರು ಏನಂತಾರ?’

ಅರುಣಾ ನಕ್ಕಳು. ಎದ್ದು ಗೂಟದ ಮೇಲಿನ ಟವೆಲ್ ತಂದಳು. ಅದಕ್ಕೆ ಇನ್ನೂ ಸಂತೆಯ ವಾಸನೆಯಿತ್ತು. ಅವನ ಬಲಗೈ ಎಳೆದುಕೊಂಡು ತನ್ನ ಕೈಗೆ ಸೇರಿಸಿ, ಮೇಲೆ ಟವೆಲ್ ಹೊದಿಸಿದಳು.

‘ಬಾಯಿಲೆ ಆಗಂಗಿಲ್ಲ ನಿಮಗ. ಬೆರಳಿಲೆ ಹೇಳ್ರಿ. ಒಂದು ಹಿಡದ್ರ ನಿಮ್ಮ ಕೂಡ ಬರ್ತೇನಿ. ಎರಡು ಹಿಡದ್ರ ಇಲ್ಲೇ ಇರ್ತೇನಿ.’

ಅವಳ ಕೈ ಬೆಚ್ಚಗಿತ್ತು. ಆ ಕೈ ಮುಟ್ಟಿ ಎಷ್ಟು ದಿನವಾಗಿತ್ತು! ಒಂದು ಬೆರಳು, ಅಷ್ಟೆ. ತೋರುಬೆರಳು ಸಿಕ್ಕಿತು. ಅದುಮುವ ಮೊದಲು ಅವಳ ಮುಖ ನೋಡಿದ. ಅವಳಿಗೆ ಬೇಕಾದದ್ದು ಒಂದೋ, ಎರಡೋ? ಆ ಮುಖ ಏನನ್ನೂ ಬಿಟ್ಟುಕೊಡಲಿಲ್ಲ. ಎಷ್ಟಾದರೂ ದಲ್ಲಾಲಿಯ ಮಗಳು. ಅವನಿಗೆ ಗಾಬರಿಯಾಯಿತು. ಐದೂ ಬೆರಳುಗಳನ್ನು ಒಟ್ಟಿಗೆ ಹಿಡಿದುಕೊಂಡ. ಪ್ರೀತಿಯಿಂದ ಹಿಡಿದೆ ಎಂದುಕೊಂಡ.

‘ಇದು ಯಾವ ದರಾ ಆತ್ರಿ?’ ಎಂದಳು ಅರುಣಾ.

ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಟವೆಲ್ ಸರಿಯದ ಹಾಗೆ ಕೈ ತೆಗೆದು ಒಳಗೆ ಹೋದಳು. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅಂದಿತು.

‘ಏನಾತ್ರಿ?’ ಎಂದು ಹಿತ್ತಲಿಂದ ನಾಗಪ್ಪ ಕೂಗಿ ಕೇಳಿದ.

‘ನೋಡೋಣ್ರಿ,’ ಎಂದ.

ಟವೆಲ್ ಇನ್ನೂ ಅವನ ಬಲಗೈ ಮೇಲೆಯೇ ಇತ್ತು. ಎಡಗೈಯನ್ನೂ ಅದರ ಕೆಳಗೆ ತೂರಿಸಿದ. ಸುತ್ತ ನೋಡುವವರು ಯಾರೂ ಇರಲಿಲ್ಲ. ತನ್ನದೇ ಒಂದು ಬೆರಳು ಹಿಡಿದ. ಆಮೇಲೆ ಎರಡು ಹಿಡಿದ. ಆಮೇಲೆ ಮತ್ತೆ ಒಂದು.