ಕವಣೆ ಕಲ್ಲು ಬಿದ್ದ ಜಾಗ

“ಸೊಂಟ ಬಗ್ಸ್ರೇ ಸೂಳೇರಾ! ಗಂಡಂದಿರ ಮುಂದ ಬಗ್ಗಾಕ ಆಕ್ಕೈತಿ, ನನ್ನ ಗದ್ದ್ಯಾಗ ಬಗ್ಗಾಕ ಆಗಂಗಿಲ್ಲೇನು?”

ಬದುವಿನ ಮೇಲೆ ಬೈಕಿನಿಂದ ಇಳಿಯದೆಯೇ ಪ್ರಭುರಾಜ ಕೂಗಿದ. ಅನುಸೂಯಾ ಬಗ್ಗಿದಳು. ಜೊತೆಗಿದ್ದ ಕೇರಿಯ ಹೆಂಗಸರೂ ಬಗ್ಗಿದರು. ಭತ್ತದ ಸಸಿ ಹಿಡಿದ ಬೆರಳು ಕೆಸರಿಗಿಳಿದಾಗ ಗಟ್ಟಿಯದೇನೋ ತಾಗಿತು. ಕಲ್ಲಲ್ಲ, ಎಲುಬು. ಅದನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ, ಮೇಲೊಂದು ಸಸಿ ಹಚ್ಚಿ, ಅವಳು ಹಿಂದಕ್ಕೆ ಸರಿದಳು.

ಆ ಗದ್ದೆ ಮೊದಲು ಕೇರಿಯವರ ಮಸಣವಾಗಿತ್ತು. ಕಾಲುವೆ ನೀರು ಅಲ್ಲಿಗೂ ಹರಿಯುತ್ತದೆಂದು ಗೊತ್ತಾದದ್ದೇ ತಡ, ಪ್ರಭುರಾಜ ಟ್ರ್ಯಾಕ್ಟರ್ ಹೊಡೆಸಿದ. ಸತ್ತವರ ಮೇಲೆ ಬದುಕಿದ್ದವರ ಕೈಯಿಂದಲೇ ಭತ್ತ ಹಚ್ಚಿಸಿದ. ಎಲುಬು ಸಿಕ್ಕರೆ ಸದ್ದಿಲ್ಲದೆ ಒತ್ತಬೇಕು. ಕೂಗಿದವಳಿಗೆ ಮರುದಿನದಿಂದ ಕೂಲಿಯಿಲ್ಲ. ಬೇವಿನ ಗಿಡದ ಮೂಲೆಗೆ ಮಾತ್ರ ಅನುಸೂಯಾ ಕಾಲಿಡುತ್ತಿರಲಿಲ್ಲ. ಅಲ್ಲಿ ಅವಳ ಕೂಸು ಮಲಗಿತ್ತು, ಕೈಯಲ್ಲಿ ಕರಿಬಳೆ ಸಮೇತ. ಗಿಡದ ಬೇರಿಗೆ ಹೆದರಿ ಟ್ರ್ಯಾಕ್ಟರ್ ಅಲ್ಲಿ ಮೇಲಷ್ಟೇ ಗೀರಿಕೊಂಡು ಹೋಗಿತ್ತು.

“ಪಕ್ಕೀರವ್ವ ಎಲ್ಲಿ ಅಡಗ್ಯಾಳ?”

“ಗೊತ್ತಿಲ್ರೀ ಧಣಿ.”

“ಕದ್ದ ಅಕ್ಕಿ ತಿಂದ ಬಾಯಿ ಹೆಂಗ ಸುಳ್ಳ ಹೇಳ್ತೈತಿ ನೋಡು!”

ಉಗುಳು ಅನುಸೂಯಾಳ ಕೆನ್ನೆಗೆ ಬಿತ್ತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಕೆಸರಾಗಿದ್ದವು.

ಕೇರಿಗೆ ಬರಬೇಕಾದ ರೇಶನ್ ಅಕ್ಕಿ ಧಣಿಯ ಮಿಲ್ಲಿನಲ್ಲಿ ಪಾಲಿಶ್ ಆಗಿ, ಹೊಸ ಚೀಲ ತೊಟ್ಟು ಪೇಟೆಗೆ ಹೋಗುತ್ತಿತ್ತು. ಪಕ್ಕೀರವ್ವ ಗೋಡೌನಿನ ಬೀಗ ಒಡೆದು ಅದನ್ನು ಮನೆಮನೆಗೆ ಹಂಚಿದಳು. ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ ಬೆಳೆದವಳು ಅವಳು; ಬೆನ್ನಟ್ಟಿದ ವಾಚ್‌ಮನ್ನನ ಟಾರ್ಚನ್ನು ಕವಣೆ ಕಲ್ಲಿನಿಂದ ಪುಡಿ ಮಾಡಿ ಗುಡ್ಡ ಸೇರಿದಳು. ಪೊಲೀಸರು ಅವಳನ್ನು ಕಳ್ಳಿ ಎಂದರು. ಕೇರಿಯಲ್ಲಿ ಅವಳ ಹೆಸರು ಹೇಳಿ ಅನ್ನಕ್ಕಿಡುತ್ತಿದ್ದರು.

ಸಂಜೆ ಪಕ್ಕದ ಮನೆಯ ಮೈಮುನಬಿ ಏದುಸಿರು ಬಿಡುತ್ತ ಬಂದಳು. “ಅನುಸಕ್ಕಾ, ಪಕ್ಕೀರಕ್ಕ ಗುಡ್ಡ ಇಳದು ತಮ್ಮನ ಕಡಿ ಹೋಗ್ಯಾಳಂತ. ಕಾಲಾಗ ಕೀವು ತುಂಬೈತಂತ.”

ಅನುಸೂಯಾ ಒಲೆ ಬಿಟ್ಟು ಎದ್ದಳು. ಪಕ್ಕೀರವ್ವನ ತಮ್ಮ ಮಾರೆಪ್ಪ ಕಂಪೌಂಡರ್. ಗದ್ದೆಯ ಪಕ್ಕದಲ್ಲೇ ಅವನಿಗೆ ದವಾಖಾನೆ ಹಾಕಿಸಿಕೊಟ್ಟ ಪುಣ್ಯಾತ್ಮ ಪ್ರಭುರಾಜ.

ಓಡಿಹೋಗಿ ನೋಡಿದರೆ ಬಾಗಿಲಿಗೆ ಹೊರಗಿನಿಂದ ಬೀಗ. ಹೊಸ್ತಿಲ ಕೆಳಗಿನಿಂದ ರಕ್ತ ಹರಿದು ಬರುತ್ತಿತ್ತು. ಅನುಸೂಯಾ ಕಲ್ಲೆತ್ತಿ ಬೀಗ ಜಜ್ಜಿದಳು.

“ಕೀವು ತೆಗಿತೀನಕ್ಕಾ ಅಂದ,” ನೆಲದ ಮೇಲೆ ಬಿದ್ದಿದ್ದ ಪಕ್ಕೀರವ್ವ ಹೇಳಿದಳು. “ನರಾ ಕೊಯ್ದು ಬೀಗ ಜಡದ ಬಾಡ್ಯಾ. ‘ಮುಂಜಾನಿ ಬರ್ರಿ ಧಣಿ, ಅಷ್ಟರಾಗ ಮುಗದಿರ್ತಾಳ’ ಅಂತ ಬಾಗಲದಾಗ ನಿಂತು ಫೋನ್ ಮಾಡಿದ.”

ಅನುಸೂಯಾ ಸೀರೆ ಹರಿದು ಕಾಲಿಗೆ ಬಿಗಿದಳು. ಕಟ್ಟಿದ್ದೆಲ್ಲ ತೊಯ್ದು ಹೋಯಿತು. ಹೊತ್ತು ತಂದು ಹೊರಗಿನ ಕಟ್ಟೆಯ ಮೇಲೆ ಕೂರಿಸಿದಾಗ ಪಕ್ಕೀರವ್ವನ ಮೈ ತಣ್ಣಗಾಗತೊಡಗಿತ್ತು.

“ನನ್ನ ಎಲ್ಲಿ ಹುಗಿತೀರಿ?”

ಕೇರಿಯ ಹೆಣಗಳು ಈಗ ಕಾಲುವೆ ದಂಡೆಯಲ್ಲಿ, ಯಾರಾದರೂ ಬಂದು ಓಡಿಸುವ ಮೊದಲು, ಅವಸರದಲ್ಲಿ ಮಣ್ಣು ಕಾಣುತ್ತಿದ್ದವು. ಹಂದಿಗಳು ಎಳೆದಾಡಿದ್ದನ್ನು ಇಬ್ಬರೂ ನೋಡಿದ್ದರು.

“ಸೊಂಟದಾಗಿನ ಕವಣಿ ಬಿಚ್ಚಿ ಕೊಡು.”

ಅನುಸೂಯಾ ಅವಳ ಬೆನ್ನಿಗೆ ಎದೆಗೊಟ್ಟು ಹಿಡಿದಳು. ಪಕ್ಕೀರವ್ವನ ಕೈಯಲ್ಲಿ ಕವಣೆ ತಿರುಗಿತು. ಕಲ್ಲು ಗದ್ದೆಯ ಮೇಲಿಂದ ಹಾರಿ, ಬೇವಿನ ಗಿಡದ ಮೂಲೆಯಲ್ಲಿ ಬುಳಕ್ಕೆಂದಿತು.

“ಬಿದ್ದಲ್ಲೇ ಹುಗೀರಿ.”

“ಯಕ್ಕಾ, ಅಲ್ಲಿ ನನ್ನ ಕೂಸೈತಿ.”

“ಗೊತ್ತೈತೆವ್ವಾ. ಅದಕ್ಕ ಅಲ್ಲಿಗೇ ಒಗದೆ. ಕೂಸು ಒಂದ ಇದ್ದು ಅಂಜತಿರತೈತಿ.”

ಆಮೇಲೆ ಅವಳು ಮಾತಾಡಲಿಲ್ಲ.

ಮುಂಜಾನೆ ಪ್ರಭುರಾಜ ಮಾರೆಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಾಗ, ಹೆಂಗಸರು ತಾವು ಹಚ್ಚಿದ ಸಸಿಯನ್ನು ತಾವೇ ಕೀಳುತ್ತಿದ್ದರು. ಬದುವಿನ ಮೇಲೆ ಹೆಣವಿತ್ತು.

“ನನ್ನ ಅನ್ನದಾಗ ನಿಮ್ಮ ಕೇರಿ ಹೆಣ ಹುಗಿತೀರೇನಬೇ? ಪೊಲೀಸ್ರು ದಾರ್ಯಾಗ ಅದಾರ. ಒಬ್ಬೊಬ್ಬಾಕಿನ್ನ ಸೀರಿ ಬಿಚ್ಚಿ ಹೊಡಸ್ತೀನಿ!”

ಅನುಸೂಯಾ ಸಲಿಕೆ ನಿಲ್ಲಿಸಲಿಲ್ಲ. “ಹುಗದದ್ದು ಮೊದ್ಲೇ ಐತಿ ಧಣಿ. ಇಷ್ಟ್ ವರ್ಷ ನೀ ಉಂಡದ್ದು ಅದನ್ನ.”

ಅವನಿಗೆ ಅವಳು ‘ನೀ’ ಅಂದದ್ದು ಅದೇ ಮೊದಲು.

ತೋಡಿದಷ್ಟೂ ಕುಣಿಗೆ ನೀರು ನುಗ್ಗುತ್ತಿತ್ತು. ಮೈಮುನಬಿ ಅನ್ನದ ಬೋಗುಣಿಯಿಂದ ಎತ್ತಿ ಹೊರಗೆ ಸುರಿಯುತ್ತಿದ್ದಳು. ಮಂಡಿಯೂರಿ ಕೆಸರು ಬಾಚುತ್ತಿದ್ದ ಅನುಸೂಯಾಳ ಬೆರಳಿಗೆ ಪುಟ್ಟದೊಂದು ಬಳೆ ತಾಗಿತು. ಬಳೆಯೊಳಗೆ ಕಡ್ಡಿಯಷ್ಟು ಎಲುಬು. ಇಷ್ಟು ಕಾಲ ಒಳಕ್ಕೆ ಒತ್ತಿದ ಹೆಬ್ಬೆರಳು ಈ ಸಲ ಒತ್ತಲಿಲ್ಲ. ಅವಳು ಎರಡನ್ನೂ ಮೇಲೆತ್ತಿದಳು, ನೀರಿನಲ್ಲಿ ತೊಳೆದಳು, ಪ್ರಭುರಾಜನ ಕಣ್ಣೆದುರಿಗೇ ಪಕ್ಕೀರವ್ವನ ಎದೆಯ ಮೇಲಿಟ್ಟಳು.

ಕಾಲುವೆ ದಾರಿಯಲ್ಲಿ ಜೀಪಿನ ಸದ್ದು ಕೇಳಿತು. ಅನುಸೂಯಾ ಹೆಣದ ಸೊಂಟಕ್ಕೆ ತಾನೇ ಮರಳಿ ಸುತ್ತಿದ್ದ ಕವಣೆ ಬಿಚ್ಚಿಕೊಂಡಳು.

“ನೀವು ತೋಡ್ರಿ,” ಎಂದಳು ಹೆಂಗಸರಿಗೆ.

ಮಾರೆಪ್ಪ ಬೈಕಿನ ಹಿಂದಕ್ಕೆ ಸರಿದ. ಅವಳು ಕಲ್ಲು ಹುಡುಕಲು ಕುಣಿಯೊಳಗೆ ಕೈ ಹಾಕಿದಳು. ನಿನ್ನೆ ಬಿದ್ದ ಕಲ್ಲು ಅಲ್ಲೇ ಇತ್ತು.