ಗಾಳಿಯಾಡದ ಕೋಣೆ

ಸ್ನೇಹಲ್ ಗಾಜಿನ ಚೌಕಗಳನ್ನು ಒಂದೊಂದಾಗಿ ತೊಳೆದು, ಅಂಚಷ್ಟೇ ಹಿಡಿದು, ಒಣಗಲು ಸಾಲಾಗಿ ನಿಲ್ಲಿಸುತ್ತಿದ್ದಳು. ಅರ್ಧಕ್ಕೇ ಶಾಲೆ ಬಿಟ್ಟ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು. ಮರಾಠಿ ಸೀಮೆಯ ಹಡಪಸರದ ಈ ಸಣ್ಣ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಕೊಡಿಸಿದವನು ಧಾರವಾಡದ ಕೇದಾರ. ಇಡೀ ಕಟ್ಟಡದಲ್ಲಿ ಅವಳೊಡನೆ ಕನ್ನಡ ಆಡುವವನೂ ಅವನೊಬ್ಬನೇ.

ಅವನು ಮಾಡುತ್ತಿದ್ದದ್ದು ಸಾವಯವ ಸೌರಕೋಶ. ಶಾಯಿಯಂಥ ದ್ರಾವಣವನ್ನು ಗಾಜಿನ ಮೇಲೆ ತೆಳ್ಳಗೆ ಬಳಿದು ಆರಿಸಿದರೆ, ಆ ಪದರವೇ ಬಿಸಿಲನ್ನು ಕರೆಂಟು ಮಾಡುತ್ತಿತ್ತು. ಆದರೆ ತಾರಸಿಯ ಮೇಲಿಟ್ಟವೆಲ್ಲ ಬೇಸಿಗೆ ಮುಗಿಯುವುದರೊಳಗೆ ಸೊರಗಿಹೋದವು. ಬಿಸಿಲಿಗೆ ಸಾಯುವ ಸೋಲಾರ್ ಯಾರಿಗೆ ಬೇಕು ಎಂದು ಮಾಲೀಕ ಮಂದಾರ ಎಲ್ಲರೆದುರು ಮರಾಠಿಯಲ್ಲಿ ನಕ್ಕಿದ್ದ. ಚಾಕಣದ ಕಾರು ಕಂಪನಿಯವರು ನೋಡಲು ಬರುವಷ್ಟರಲ್ಲಿ ಬಾಳಿಕೆ ಬರುವ ಕೋಶ ಸಿದ್ಧವಿರದಿದ್ದರೆ ಕೆಲಸವೇ ಬಂದ್.

ಆಗ ಕೇದಾರನಿಗೊಂದು ದಾರಿ ಹೊಳೆಯಿತು. ದ್ರಾವಣ ನಿಧಾನವಾಗಿ ಆರಿದಷ್ಟೂ ಪದರ ಹದವಾಗಿ ಕೂಡುತ್ತಿತ್ತು. ಕರೆಂಟೂ ಹೆಚ್ಚು, ಆಯುಷ್ಯವೂ ಹೆಚ್ಚು. ಅಂದಿನಿಂದ ಆವಿಯನ್ನು ಹೊರಗೆಳೆಯುವ ಫ್ಯಾನು ನಿಂತಿತು. ಕಿಟಕಿಯ ಸಂದುಗಳಿಗೆ ಟೇಪು ಬಿತ್ತು.

"ಫ್ಯಾನ್ ಹಚ್ಚಲೇನ್ರಿ ಅಣ್ಣಾ? ವಾಸನಿ ಭಾಳ ಅದ," ಎಂದಿದ್ದಳು ಸ್ನೇಹಲ್ ನಿನ್ನೆ, ಬಾಗಿಲಲ್ಲೇ ನಿಂತು.

"ಬ್ಯಾಡವಾ. ಇದು ಹೊಸಾ ಅಳಿಯಾ ಇದ್ದಂಗ. ಒಂಚೂರು ಗಾಳಿ ತಾಕಿದ್ರ ಮುನಸ್ಕೋತದ. ಮತ್ತ ವಾಸನಿ ಎಲ್ಲದ? ನನಗೇನೂ ಬರವಲ್ತು."

ಅವಳಿಗೆ ಬಾಗಿಲಲ್ಲೇ ಗಂಟಲು ಉರಿಯುತ್ತಿತ್ತು. ಅವನು ಮಾತ್ರ ನಗುನಗುತ್ತ ಹೊರಬಂದು, ತೂರಾಡಿ ಗೋಡೆಗೆ ಭುಜ ತಾಕಿಸಿಕೊಂಡ. ಅವಳನ್ನು ತನ್ನ ತಂಗಿಯ ಹೆಸರಿನಿಂದ ಕರೆದ. ತಪ್ಪಾಯಿತೆಂಬುದು ಅವನಿಗೆ ಗೊತ್ತೇ ಆಗಲಿಲ್ಲ. ಮಂದಾರನಿಗೆ ಹೇಳಬೇಕೆಂದು ಅವಳು ಅವನ ಕೋಣೆಯವರೆಗೂ ಹೋದಳು. ಹೋಗಿ, ನಾಲಿಗೆ ಏಳದೆ ತಿರುಗಿ ಬಂದಳು.

ಇವತ್ತು ಕೇದಾರ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. "ಯಾರನ್ನೂ ಒಳಗ ಬಿಡಬ್ಯಾಡ. ಬಾಗಿಲಾ ತಗದ್ರ ಗಾಳಿ ಬರತದ," ಎಂದಿದ್ದ.

ಊಟದ ಹೊತ್ತು ಮೀರಿತು. ಎಲ್ಲರೂ ಕೆಳಗೆ ಕ್ಯಾಂಟೀನಿಗೆ ಹೋಗಿದ್ದರು. ಸ್ನೇಹಲ್ ಬಾಗಿಲ ಗಾಜಿಗೆ ಹಣೆ ಹಚ್ಚಿ ನೋಡಿದಳು. ಕೇದಾರ ಮೇಜಿನ ಮೇಲೆ ಬಗ್ಗಿದ್ದ. ಪದರವನ್ನೇ ನೋಡುತ್ತಿರಬೇಕು ಎಂದುಕೊಂಡಳು. ಆದರೆ ಅವನ ಕೆನ್ನೆ ಮೇಜಿಗೆ ಅಂಟಿತ್ತು. ಕೈಯೊಂದು ಕೆಳಗೆ ಜೋತುಬಿದ್ದಿತ್ತು. ಪಕ್ಕದಲ್ಲಿ ದ್ರಾವಣದ ಬಾಟಲಿ ಉರುಳಿ ಬರಿದಾಗಿತ್ತು.

ಕೂಗಿದಳು. ಅಷ್ಟು ದೊಡ್ಡ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕೆಳಗಿನಿಂದ ಯಾರೂ ಬರಲಿಲ್ಲ. ಮುಷ್ಟಿ ಕಟ್ಟಿ ಬಾಗಿಲು ಬಡಿದಳು, ಭುಜ ಕೊಟ್ಟು ನೂಕಿದಳು. ದಪ್ಪ ಗಾಜು ಬಿರಿಯಲಿಲ್ಲ, ಚಿಲಕ ಅಲುಗಲಿಲ್ಲ.

"ಕೇದಾರಣ್ಣಾ, ಬಾಗಿಲಾ ತಗೀರಿ."