ಹುಗ್ಗಿಯ ಬಕೆಟ್ಟು ಮತ್ತು ಸೋಮಲಿಂಗಪ್ಪನವರ ಸೊಂಟ

ಶ್ರಾವಣದ ಕಡೆಯ ಸೋಮವಾರದ ದಾಸೋಹದಲ್ಲಿ ಹುಗ್ಗಿಯ ಬಕೆಟ್ಟನ್ನು ಯಾರು ಹಿಡಿಯಬೇಕು ಎಂಬುದು ಆರ್‌ಪಿಸಿ ಲೇಔಟಿನ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ. ಸಾರನ್ನು ಯಾರು ಬೇಕಾದರೂ ಬಡಿಸಬಹುದು. ಉಪ್ಪು, ಉಪ್ಪಿನಕಾಯಿಗಳನ್ನು ಸಮಿತಿಗೆ ಹೊಸದಾಗಿ ಸೇರಿದವರ ಕೈಗೆ ಕೊಡುವುದು ವಾಡಿಕೆ. ಆದರೆ ಗೋಧಿ ಹುಗ್ಗಿ ಹಿಡಿದವನು ಆ ದಿನದ ಮಟ್ಟಿಗೆ ಸಮಾಜದ ಭವನಕ್ಕೇ ಯಜಮಾನ. ಅಧ್ಯಕ್ಷರೂ ಅವನ ಸೌಟಿನ ಕಡೆ ಕಣ್ಣಿಟ್ಟು ಕೂರಬೇಕು. ನೀರಾವರಿ ಇಲಾಖೆಯಿಂದ ನಿವೃತ್ತರಾದಾಗಿನಿಂದ ಈ ಪದವಿ ಸೋಮಲಿಂಗಪ್ಪನವರದು. ಇಲಾಖೆಯಲ್ಲಿ ಅವರು ಇಷ್ಟು ಎತ್ತರಕ್ಕೆ ಏರಿರಲಿಲ್ಲ.

ಬಡಿಸುವುದಕ್ಕೆ ಅವರದೇ ಒಂದು ಶೈಲಿಯಿತ್ತು. ಜಮಖಾನೆಯ ಮೇಲೆ ಕುಳಿತ ಪಂಕ್ತಿಯ ಮುಂದೆ, ತುಂಬಿದ ಬಕೆಟ್ಟನ್ನು ಎಡಗೈಯಲ್ಲಿ ತೂಗಾಡಿಸುತ್ತ, ಸೊಂಟದಿಂದ ಮಾತ್ರ ಬಗ್ಗಿ, ಪಕ್ಕಕ್ಕೆ ತಿರುಗಿ ಎಲೆಗೊಂದು ಸೌಟು ಸುರಿದು, ಮೇಲೇಳದೆಯೇ ಮುಂದಿನ ಎಲೆಗೆ ಸರಿಯುವುದು. ಮಂಡಿ ಮಡಿಸುವುದು ಮುದುಕರ ಲಕ್ಷಣವೆಂದು ಅವರ ನಂಬಿಕೆ.

ಕಳೆದ ವರ್ಷ ಹೀಗೆ ಬಗ್ಗಿದವರು ಏಳಲಿಲ್ಲ. ಆ ಎಲೆಯ ಹಿಂದೆ ಕುಳಿತಿದ್ದವರು ರುದ್ರಮುನಿಯವರು; ಸಮಾಜಕ್ಕೇ ಹಿರಿಯರು, ಕಿವಿ ಮಂದ. ನರಳಿಕೆ ಅವರಿಗೆ ಕೇಳಿಸಲಿಲ್ಲ, ಬಾಗಿದ ತಲೆ ಮಾತ್ರ ಕಾಣಿಸಿತು. ಅದರ ಮೇಲೆ ಕೈಯಿಟ್ಟು, “ಒಳ್ಳೇದಾಗ್ಲಿ, ಏಳಪ್ಪಾ” ಎಂದರು. ಸೋಮಲಿಂಗಪ್ಪ ಏಳಲಿಲ್ಲ. ಎಂಥ ವಿನಯ ಎಂದು ಅಕ್ಕಪಕ್ಕದವರೂ ಕೈಮುಗಿದರು. ಅದು ವಿನಯವಲ್ಲ, ಸೊಂಟ ಎಂದು ತಿಳಿಯುವ ಹೊತ್ತಿಗೆ ಅರ್ಧ ಸಾಲು ಶರಣಾರ್ಥಿ ಹೇಳಿ ಮುಗಿಸಿತ್ತು. ಅವರನ್ನು ಬಗ್ಗಿದ ಹಾಗೆಯೇ ಆಟೋ ಹತ್ತಿಸಿದರು.

ಈ ವರ್ಷ ಆಷಾಢ ಹುಟ್ಟುವ ಮೊದಲೇ ಸಮಿತಿಯ ಕಾರ್ಯದರ್ಶಿ ಗಿರಿರಾಜ್ ಮನೆಗೆ ಬಂದ. ಮಾಗಡಿ ರಸ್ತೆಯಲ್ಲಿ ಟೈಲ್ಸ್ ಅಂಗಡಿಯಿಟ್ಟವನು; ಕೆಟ್ಟವನಲ್ಲ, ಆದರೆ ಹುಗ್ಗಿಯ ಮೇಲೆ ಆಸೆಯಿತ್ತು.

“ಸಾರ್, ಈ ಸಲ ನೀವು ಬಾಗ್ಲಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಬಿಡಿ. ಬಂದೋರ್ಗೆ ವಿಭೂತಿ ಕೊಡೋದು. ದೊಡ್ಡ ಜವಾಬ್ದಾರಿ ಸಾರ್ ಅದು.”

“ಹುಗ್ಗಿ?”

“ಅದನ್ನ ನಾನು ನೋಡ್ಕೋತೀನಿ ಬಿಡಿ.”

“ನೋಡ್ಕೋ. ನಾನು ಬಡಿಸ್ತಿರ್ತೀನಿ, ನೀನು ನೋಡ್ಕೊಂಡಿರು.”

“ಸಾರ್, ಮತ್ತೆ ಹಿಡ್ಕೊಂಡ್ರೆ?”

“ಹಿಡ್ಕೊಂಡ್ರೆ ಬಕೆಟ್ಟು ನಿಂದು. ಈ ವರ್ಷಾನೂ, ಮುಂದೂ. ಒಂದು ಪಂಕ್ತಿ ಪೂರ್ತಿ ಬಡಿಸಿ ನಾನೇ ಎದ್ದು ನಿಂತ್ರೆ ನಂದು. ಆಯ್ತಾ?”

ಗಿರಿರಾಜ್ ಆಯಿತೆಂದ. ಸಂತೋಷವಾಗಿಯೇ ಅಂದ.

ಮರುದಿನ ಪತ್ನಿ ಬಸವರಾಜೇಶ್ವರಿ ಅವರನ್ನು ವಿಜಯನಗರದ ಫಿಸಿಯೋಥೆರಪಿಸ್ಟ್ ಶಿವಾನಿಯ ಬಳಿಗೆ ಕರೆದೊಯ್ದರು. ತಪ್ಪೆಲ್ಲ ಬಕೆಟ್ಟಿನದೆಂದು ಸೋಮಲಿಂಗಪ್ಪ ವಿವರಿಸಿದರು. ಆ ಹುಡುಗಿ ಬಕೆಟ್ಟಿನ ವಿಷಯ ಬಿಟ್ಟು, “ಅಂಕಲ್, ಮನೇಲಿ ಎಲ್ಲಿ ಕೂತ್ಕೋತೀರ?” ಎಂದಳು.

“ಕುರ್ಚೀಲಿ.”

“ಕುರ್ಚಿಯಂತೆ!” ಎಂದರು ಬಸವರಾಜೇಶ್ವರಿ. “ಸೋಫಾದಲ್ಲಮ್ಮ. ಕೂರೋದೂ ಅಲ್ಲ, ದೋಸೆ ಹಿಟ್ಟಿನ ಥರ ಹರಡ್ಕೊಂಡಿರ್ತಾರೆ. ನ್ಯೂಸ್ ಹಾಕಿದ್ರೆ ಊಟಕ್ಕೇ ಏಳೋದು.”

“ಭಾರ ಎತ್ತೋದು?”

“ನೀರಿನ ಕ್ಯಾನನ್ನ ಮಾರುದೂರದಲ್ಲಿ ನಿಂತು ಬಗ್ಗಿ, ಎತ್ತಿ, ಹಾಗೇ ತಿರುಗ್ತಾರೆ. ಪಕ್ಕದ ಮನೆಯೋರು ನೋಡ್ತಿದ್ರೆ ಇನ್ನೂ ಜೋರು.”

“ನೀನು ಯಾರ ಕಡೆ?” ಎಂದರು ಸೋಮಲಿಂಗಪ್ಪ.

“ಸೊಂಟದ ಕಡೆ.”

“ಹುಗ್ಗಿ ಒಂದಿನದ್ದು ಅಂಕಲ್,” ಎಂದಳು ಶಿವಾನಿ. “ಸೊಂಟ ಹಾಳಾಗಿರೋದು ಉಳಿದ ದಿನಗಳಲ್ಲಿ. ತುಂಬಾ ಹೊತ್ತು ಒಂದೇ ಕಡೆ ಕೂರ್ಬೇಡಿ. ಬಗ್ಗೋವಾಗ ಮಂಡಿ ಮಡಿಸಿ. ಭಾರ ಹೊಟ್ಟೆಗೆ ಹತ್ರ ಇರ್ಲಿ. ತಿರುಗ್ಬೇಕಾದ್ರೆ ಪಾದ ತಿರುಗಿಸಿ, ನಡು ಅಲ್ಲ.”

ಸೋಮಲಿಂಗಪ್ಪ ಇದನ್ನು ಸರ್ಕಾರಿ ಆದೇಶದಂತೆ ಜಾರಿಗೆ ತಂದರು. ಟೀವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಎದ್ದು ಗೇಟಿನವರೆಗೆ ನಡೆದು ಬರುವುದು. ನ್ಯೂಸ್ ಚಾನೆಲ್ಲುಗಳಲ್ಲಿ ಜಾಹೀರಾತಿಗೆ ಬರವಿಲ್ಲದ್ದರಿಂದ ಅವರಿಗೆ ದೇಶದ ವಿಷಯ ಕಡಿಮೆ ತಿಳಿಯತೊಡಗಿತು, ಹಸಿವು ಹೆಚ್ಚಾಯಿತು. ಸಂಜೆ ಹಾಲ್‌ನಲ್ಲಿ ತಟ್ಟೆಗಳ ಸಾಲು; ಒಂದರ ಹಿಂದೆ ಬಸವರಾಜೇಶ್ವರಿ. ಅರ್ಧ ಬಕೆಟ್ ನೀರನ್ನು ಹೊಟ್ಟೆಗೆ ಅವುಚಿಕೊಂಡು ಬಂದು, ಒಂದು ಮಂಡಿಯೂರಿ, ಬೆನ್ನು ನೆಟ್ಟಗಿಟ್ಟು ಬಡಿಸುವ ಅಭ್ಯಾಸ. ಮರೆತು ಹಳೆಯ ಶೈಲಿಯಲ್ಲಿ ಬಗ್ಗಿದರೆ ಆಕೆ ತಲೆಯ ಮೇಲೆ ಕೈಯಿಟ್ಟು, “ಒಳ್ಳೇದಾಗ್ಲಿ, ಏಳಪ್ಪಾ” ಎನ್ನುವರು. ಔಷಧಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು.

ಸೋಮವಾರ ಬಂತು. ಮೊದಲ ಎಲೆ ಬ್ಯಾಂಕಿನ ಬಸವಕುಮಾರನದು. ಸೋಮಲಿಂಗಪ್ಪ ಅವನ ಮುಂದೆ ಮಂಡಿಯೂರಿದರು. ಯಾರೂ ಯೋಚಿಸದಿದ್ದ ಸಂಗತಿ ಆಗ ನಡೆಯಿತು: ಹುಡುಗ ಬೆಂಕಿ ತಾಗಿದವನಂತೆ ಎದ್ದುನಿಂತ.

“ಅಯ್ಯೋ ಸಾರ್, ನೀವು ನಮ್ಗೆ ಮಂಡಿ ಊರೋದಾ!” ಎಂದು ಕಾಲಿಗೆ ಬಿದ್ದ.

ಎರಡನೆಯವನೂ ಬಿದ್ದ. ಮೂರನೆಯ ಎಲೆಯ ಅಕ್ಕವ್ವ, ಹುಬ್ಬಳ್ಳಿ ಕಡೆಯವರು, “ಎಂಥಾ ಭಕ್ತಿ ನೋಡವ್ವಾ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಏಳಲಾರದೆ ಏಳತೊಡಗಿದರು. ಹಿಂದೆ ಪಲ್ಯದವನು ನಿಂತ, ಅವನ ಹಿಂದೆ ಅನ್ನದವನು, ಅವನ ಹಿಂದೆ ಸಾರಿನವನು. ಸಾಲು ಸಂಜೆಯ ಟ್ರಾಫಿಕ್ಕಿನ ಮಾಗಡಿ ರಸ್ತೆಯಾಯಿತು.

ಗಿರಿರಾಜ್ ಓಡಿಬಂದ. “ಸಾರ್, ಹೀಗಾದ್ರೆ ಎರಡನೇ ಪಂಕ್ತಿ ಯಾವಾಗ? ಕೊಡಿ ಸಾರ್ ಬಕೆಟ್ಟು.”

ಸೋಮಲಿಂಗಪ್ಪ ಬಕೆಟ್ಟನ್ನು ಇನ್ನಷ್ಟು ಅವುಚಿಕೊಂಡರು. ಕಾಲುವೆ ಒಡೆದಾಗ ಬಳಸುತ್ತಿದ್ದ ಧ್ವನಿ ಹೊರಬಂತು:

“ಯಾರೂ ಏಳ್ಬೇಡ್ರೀ! ಇದು ಭಕ್ತಿ ಅಲ್ಲ, ಫಿಸಿಯೋಥೆರಪಿ!”

ಏಳುತ್ತಿದ್ದವರು ಅರ್ಧಕ್ಕೇ ನಿಂತರು. “ಏನಂತೆ?” ಎಂದರು ರುದ್ರಮುನಿಯವರು. “ಸೊಂಟಾನಂತೆ ಅಜ್ಜಾರೇ!” ಎಂದು ಯಾರೋ ಕಿರುಚಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಕ್ಕವರು ಕುಳಿತರು, ಅಷ್ಟು ಸಾಕಾಗಿತ್ತು.

ಮಂಡಿ ಊರು, ಸೌಟು ಹಾಕು, ಏಳು, ಪಾದ ತಿರುಗಿಸು. ಬಕೆಟ್ಟು ಬರಿದಾದಾಗ ಅಡುಗೆಮನೆಗೆ ಹೋಗಿ ಮತ್ತೆ ಅರ್ಧವೇ ತುಂಬಿಸಿಕೊಂಡರು. “ತುಂಬಿಸ್ಬಿಡ್ಲಾ ಸಾರ್, ಒಂದೇ ಸಲಕ್ಕೆ ಆಗುತ್ತೆ” ಎಂದ ಗಿರಿರಾಜ್, ಬಹಳ ವಿನಯದಿಂದ. “ಬೇಡ” ಎಂದರು. ಮಂಡಿ ಉರಿಯುತ್ತಿತ್ತು. ಬಾಗಿಲಲ್ಲಿ ಮುಂದಿನ ಪಂಕ್ತಿಯವರು ಬಗ್ಗಿ ಬಗ್ಗಿ ಒಳಗೆ ನೋಡುತ್ತಿದ್ದರು. ಸಾಲಿನ ಕೊನೆ ಹತ್ತಿರವಾದಾಗ ಹಳೆಯ ಶೈಲಿ ಒಳಗಿನಿಂದ ಕರೆಯಿತು. ನಡು ಅರ್ಧ ಬಾಗಿಯೂ ಬಿಟ್ಟಿತು. ಗಿರಿರಾಜ್ ಬಕೆಟ್ಟಿಗೆ ಕೈಚಾಚಿದ. ಸೋಮಲಿಂಗಪ್ಪ ಅಲ್ಲಿಗೇ ನಿಂತು, ನಿಧಾನವಾಗಿ ನೆಟ್ಟಗಾಗಿ, ಬಕೆಟ್ಟನ್ನು ಹತ್ತಿರಕ್ಕೆಳೆದುಕೊಂಡು ಮಂಡಿ ಮಡಿಸಿದರು.

ಕೊನೆಯ ಎಲೆಗೆ ಹುಗ್ಗಿ ಬೀಳುವಾಗ ಮೊದಲ ಎಲೆಯವರು ಮಜ್ಜಿಗೆ ಕುಡಿದು ಕೈ ತೊಳೆದಿದ್ದರು. ಯಾರ ಕೈಯನ್ನೂ ಹಿಡಿಯದೆ ಸೋಮಲಿಂಗಪ್ಪ ಎದ್ದು ನಿಂತರು. ಹುಗ್ಗಿ ಅವರಲ್ಲೇ ಉಳಿಯಿತು.